ಗೋಣಿ ಪರದೆಗೆ ಕಟ್ಟಿದ ಬಳೆಗಳು

ಮೊನ್ನೆ ಬೆಳಿಗ್ಗೆ ನಮ್ಮ ಬೀದಿಯ ಮೋರಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋದರು. ಹಿಂದಿನ ದಿನವೆಲ್ಲ ಮಳೆ ಬಂದು ನಿಂತಿತ್ತು. ನಾನು ಕಾಫಿ ಲೋಟ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಗಾಳಿ ನಮ್ಮ ಮನೆ ಕಡೆಗೇ ಬೀಸಿತು, ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ನಾನು ಆಸ್ಪತ್ರೆಯಲ್ಲಿ ನರ್ಸಾಗಿ ದುಡಿಯುವವಳು. ಫಿನಾಯಿಲು, ಸ್ಪಿರಿಟ್ಟು, ಕೀವು, ರಕ್ತ, ಯಾವ ವಾಸನೆಗೂ ಜಗ್ಗುವವಳಲ್ಲ. ಆದರೆ ಹಸಿ ಮಣ್ಣಿನ ಮೇಲೆ ಬಿದ್ದ ಬ್ಲೀಚಿಂಗ್ ಪೌಡರಿನ ಘಾಟು ಬಂದರೆ ಬಳೆ ಅಕ್ಕ ನೆನಪಾಗುತ್ತಾರೆ. ಅವರು ನೆನಪಾದ ದಿನ ನನ್ನ ಕೈಗೆ ಬೇರೆ ಕೆಲಸ ಹತ್ತುವುದಿಲ್ಲ.

ನಾನು ಹುಡುಗಿಯಾಗಿದ್ದಾಗ ಬಳೆ ಅಕ್ಕ ನಮ್ಮ ಪಕ್ಕದ ಮನೆಯವರು. ಅವರಿಗೂ ಒಂದು ಹೆಸರಿತ್ತು, ಆದರೆ ರೇಷನ್ ಅಂಗಡಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಯಾರೂ ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ನಮ್ಮಪ್ಪ, ನಮ್ಮಮ್ಮ, ನಾನು, ಎಲ್ಲರಿಗೂ ಅವರು ಬಳೆ ಅಕ್ಕನೇ. ಬಳೆಗಳನ್ನು ದಾರಕ್ಕೆ ಪೋಣಿಸಿದ ದೊಡ್ಡ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಹೊರಟರೆ ರಾಜೀವನಗರ, ಸಿದ್ಧಾರ್ಥನಗರವೆಲ್ಲ ಸುತ್ತಿ, ಹಬ್ಬದ ತಿಂಗಳಲ್ಲಿ ಯಾದವಗಿರಿಯ ಬಂಗಲೆಗಳವರೆಗೂ ನಡೆದೇ ಹೋಗುತ್ತಿದ್ದರು. ಕೈ ಹಿಡಿದು ಬಳೆ ಏರಿಸುವಾಗ ನೋವು ಗೊತ್ತಾಗಬಾರದೆಂದು ಏನಾದರೊಂದು ಕೀಟಲೆ ಮಾಡುತ್ತಿದ್ದರು. "ಕೈ ಸಡಿಲ ಬುಡು ಕೂಸೇ. ಈ ಕೈ ನೋಡಿದ್ರೆ ಮುಂದೆ ಗಂಡನ್ಗೆ ಬಾರ್ಸೋ ಕೈ ಇದ್ದಂಗದೆ" ಎಂದು ನನ್ನನ್ನು ನಗಿಸುತ್ತಿದ್ದರು, ನಗುವಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು.

ಅಷ್ಟು ಬಳೆ ಹೊರುವ ಅವರ ಕೈ ಮಾತ್ರ ಬರಿದು. ಮಗಳು ತೊಟ್ಟಿಲಲ್ಲಿದ್ದಾಗಲೇ ಗಂಡ ತೀರಿಹೋಗಿದ್ದರು. ಬೀದಿಯಲ್ಲಿ ಬಳೆ ತೊಡಿಸುವುದು ವ್ಯಾಪಾರ, ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಶುಭಕಾರ್ಯದಲ್ಲಿ ಮಾತ್ರ ಆ ಕೈ ಬೇಡ. ಇದ್ದೊಬ್ಬ ಮಗಳನ್ನು ನಂಜನಗೂಡಿನ ಕಡೆ ಕೊಟ್ಟಿದ್ದರು. ಅವಳು ಬಸುರಿಯಾಗಿ ತವರಿಗೆ ಬಂದಾಗ ಸೀಮಂತಕ್ಕೆ ಹಸಿರು ಬಳೆಗಳನ್ನು ಆರಿಸಿಟ್ಟವರು ಬಳೆ ಅಕ್ಕ, ತೊಡಿಸಿದವಳು ನಮ್ಮಮ್ಮ. ಅಕ್ಕ ಅಡುಗೆಮನೆ ಬಾಗಿಲಲ್ಲೇ ನಿಂತು, "ಬೆರಳು ಮಡಿಸವ್ವ, ಹಂಗಲ್ಲ, ಹಿಂಗೆ" ಎಂದು ದೂರದಿಂದಲೇ ಹೇಳಿಕೊಡುತ್ತಿದ್ದರು. ಎರಡೂ ಕೈ ತುಂಬ, ಮೊಣಕೈ ಹತ್ತಿರದವರೆಗೂ ಬಳೆ. ನಮ್ಮಲ್ಲಿ ಸೀಮಂತದ ಬಳೆಯನ್ನು ಹೆರಿಗೆಯಾಗುವವರೆಗೂ ತೆಗೆಯುವಂತಿಲ್ಲ. ಹೆರಿಗೆಯಾದ ಮೇಲೆ ಅದನ್ನು ಹೆರಿಗೆ ಮಾಡಿಸಿದವಳಿಗೆ ಕೊಡುವುದು ಪದ್ಧತಿ. ಅಕ್ಕನ ಮಗಳು ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಅವಳು ಓಡಾಡಿದರೆ ಗೋಡೆಯಾಚೆಯಿಂದಲೇ ನಮಗೆ ಗೊತ್ತಾಗುತ್ತಿತ್ತು. ಆಗ ಆ ಸದ್ದು ನಮಗೆಲ್ಲ ಎಷ್ಟು ಇಷ್ಟವಾಗಿತ್ತು...

ಆ ವರ್ಷದ ಮಳೆ ನಿಲ್ಲಲೇ ಇಲ್ಲ. ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಬೀದಿ ಇದ್ದದ್ದು ಒಂದು ಸಣ್ಣ ಕೆರೆಯ ಕೆಳಗೆ, ತಗ್ಗಿನಲ್ಲಿ. ಒಂದು ಬೆಳಿಗ್ಗೆ ಏರಿ ಬಿರಿದು ನೀರು ನುಗ್ಗಿತು. ಪುಣ್ಯಕ್ಕೆ ಹಗಲಾಗಿತ್ತು, ಜನ ಉಳಿದರು. ಗೋಡೆಗಳು ಉಳಿಯಲಿಲ್ಲ. ನಮ್ಮಪ್ಪ ತಮ್ಮ ದಿನಸಿ ಅಂಗಡಿಯ ತಕ್ಕಡಿಯೊಂದನ್ನೇ ಎತ್ತಿಕೊಂಡು ಬಂದರು. ಅದು ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಬಳೆ ಅಕ್ಕ ಒಂದು ಕೈಯಲ್ಲಿ ಮಗಳನ್ನು ಹಿಡಿದು, ಹೆಗಲಿಗೆ ಮಲಾರ ಹಾಕಿಕೊಂಡು ಸೊಂಟದುದ್ದದ ನೀರಿನಲ್ಲಿ ನಡೆದು ಬಂದರು. ಒಂದು ಬಳೆಯೂ ಒಡೆದಿರಲಿಲ್ಲ.

ನಮ್ಮನ್ನೆಲ್ಲ ಲಾರಿಗೆ ಹತ್ತಿಸಿ ಸಿದ್ಧಾರ್ಥನಗರದಾಚೆಯ ಒಂದು ಖಾಲಿ ಮೈದಾನಕ್ಕೆ ಸೇರಿಸಿದರು. ಮೊದಲು ಟಾರ್ಪಾಲು, ಆಮೇಲೆ ತಗಡಿನ ಶೆಡ್ಡು. ಒಂದು ಶೆಡ್ಡಿಗೆ ಎರಡು ಸಂಸಾರ. ನಮಗೂ ಬಳೆ ಅಕ್ಕನಿಗೂ ನಡುವೆ ಒಂದು ಹಳೇ ಜಮಖಾನ ತೂಗುಬಿಟ್ಟಿದ್ದೆವು, ಅದೇ ಗೋಡೆ. ಅನ್ನ ಬಂತು, ಕಂಬಳಿ ಬಂತು, ದೊಡ್ಡ ಮನುಷ್ಯರು ಬಂದು ಕೈಮುಗಿದು ಹೋದರು. ದಿನಾ ಬೆಳಿಗ್ಗೆ ಒಬ್ಬ ಬಂದು ಎಲ್ಲೆಂದರಲ್ಲಿ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋಗುತ್ತಿದ್ದ. ಅನ್ನದ ತಟ್ಟೆಗೂ ಅದೇ ವಾಸನೆ.

ಕಕ್ಕಸುಗಳನ್ನೂ ಕಟ್ಟಿಸಿದರು, ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಗುಂಡಿ ತೋಡಿ, ಮೇಲೆ ಸಿಮೆಂಟಿನ ಹಲಗೆ ಕೂರಿಸಿ, ಮೂರು ಕಡೆ ತಗಡು. ನಾಲ್ಕನೇ ಕಡೆಗೆ ಒಂದು ಗೋಣಿಚೀಲ. ಗಾಳಿ ಬೀಸಿದರೆ ಚೀಲ ಅಷ್ಟೆತ್ತರ ಹಾರುತ್ತಿತ್ತು. ಹೆಂಗಸರ ಸಾಲಿನ ಎದುರಿಗೇ, ಹತ್ತು ಮಾರಿನಲ್ಲಿ, ಇಡೀ ಮೈದಾನಕ್ಕೆ ಇದ್ದ ಒಂದೇ ನಲ್ಲಿ. ಕೊಡ ಇಟ್ಟುಕೊಂಡು ಗಂಡಸರು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಸಾಲು ನಿಂತಿರುತ್ತಿದ್ದರು. ಬಾಗಿಲು ಹಾಕಿಸಿ ಎಂದು ನಮ್ಮಪ್ಪ ಕೇಳಿದ್ದಕ್ಕೆ ಗುತ್ತಿಗೆದಾರ, "ಇದೆಲ್ಲ ತಾತ್ಕಾಲಿಕ ಕಣ್ರೀ, ಇನ್ನೆಷ್ಟು ದಿನ ಇರ್ತೀರಾ ನೀವಿಲ್ಲಿ" ಅಂದನಂತೆ. ನಾವು ಆ ತಾತ್ಕಾಲಿಕದಲ್ಲಿ ವರ್ಷಗಟ್ಟಲೆ ಇದ್ದೆವು.

ಗಂಡಸರಿಗೇನು, ಹೋಗಿ ಬಂದರು. ಹೆಂಗಸರು ಮಾತ್ರ ಬೆಳಕು ಹರಿಯುವ ಮೊದಲು ಒಂದು ಸಲ, ಕತ್ತಲಾದ ಮೇಲೆ ಒಂದು ಸಲ, ಜೊತೆ ಜೊತೆಯಾಗಿ ಹೋಗುವುದು ರೂಢಿಯಾಯಿತು. ಪರದೆಯ ಹತ್ತಿರ ಯಾರಾದರೂ ಬಂದ ಸುಳಿವು ಸಿಕ್ಕರೆ ಒಳಗಿದ್ದವಳು ಕೈಬಳೆ ಅಲ್ಲಾಡಿಸಬೇಕು. ಇಲ್ಲದಿದ್ದರೆ ಎಳೆದೇಬಿಡುತ್ತಾರೆ. ಹಗಲೆಲ್ಲ ತಡೆದುಕೊಳ್ಳುವುದು. ತಡೆದುಕೊಳ್ಳಬೇಕಾದರೆ ನೀರು ಕುಡಿಯಬಾರದು. ನಮ್ಮಮ್ಮ ನನಗೆ ಹೇಳಿದ್ದೂ ಅದನ್ನೇ. ಮೈದಾನದ ಅಷ್ಟೂ ತಾಯಂದಿರು ಅಷ್ಟೂ ಹೆಣ್ಣುಮಕ್ಕಳಿಗೆ ಹೇಳಿದ್ದು ಅದನ್ನೇ. ಅದು ನಮಗೆ ಸಂಕಟ ಅನ್ನಿಸಲಿಲ್ಲ, ಮಾನ ಕಾಪಾಡಿಕೊಳ್ಳುವ ಉಪಾಯ ಅನ್ನಿಸಿತ್ತು.

ಆದರೆ ತುಂಬಿದ ಬಸುರಿ ತಡೆದುಕೊಳ್ಳುವುದು ಹೇಗೆ? ಅಕ್ಕನ ಮಗಳು ಮೊದಲೆರಡು ದಿನ ಹಗಲಲ್ಲೇ ಎದ್ದು ಹೋದಳು. ಅವಳು ಶೆಡ್ಡಿನಿಂದ ಕಾಲು ಹೊರಗಿಟ್ಟರೆ ಎರಡು ಕೈಯ ಬಳೆಗಳೂ ಘಲ್ಲೆನ್ನುತ್ತಿದ್ದವು. ನಲ್ಲಿಯ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಕೆಟ್ಟ ಕಣ್ಣಿಂದಲೇ ನೋಡಿದರು ಅನ್ನಲಾರೆ, ಸದ್ದಾದರೆ ಯಾರಾದರೂ ತಿರುಗುತ್ತಾರೆ. ಅವಳು ಸೆರಗನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡು ನಡೆದು ನೋಡಿದಳು. ಬಳೆ ತೆಗೆಯುವಂತಿಲ್ಲವಲ್ಲ. ಜಮಖಾನದ ಆಚೆಯಿಂದ ಅಕ್ಕನ ಮಾತು ನನಗೆ ಕೇಳಿಸುತ್ತಿತ್ತು. "ವಸಿ ತಡ್ಕೊ ಮಗ, ಕತ್ಲಾಗ್ಲಿ. ನಿನ್ ಗಂಡನ ಕಡೆಯೋರ ಕಿವಿಗೆ ಬಿದ್ರೆ ಏನಂದಾರು? ನೀರು ಜಾಸ್ತಿ ಕುಡೀಬ್ಯಾಡ, ಕುಡುದ್ರೆ ತಾನೆ ಹೋಗ್ಬೇಕಾಗದು." ಆಮೇಲೆ ಬಳೆಯ ಸದ್ದು ಹಗಲಲ್ಲಿ ಕೇಳುವುದು ನಿಂತಿತು.

ಒಂದು ಮಧ್ಯಾಹ್ನ ಅವಳಿಗೆ ನಡುಕ ಹತ್ತಿತು. ಸೊಂಟದ ಮೇಲೆ ನೋವು, ಮೈ ಕೆಂಡ. ಮಳೆಯಲ್ಲಿ ನೆಂದ ಶೀತ ಎಂದುಕೊಂಡು ಕಷಾಯ ಕಾಯಿಸಿ ಕೊಟ್ಟರು. ಮಾರನೇ ದಿನ ಕಣ್ಣು ಮೇಲಕ್ಕೆ ಹೋಗತೊಡಗಿದಾಗ ನಮ್ಮಪ್ಪ ಆಟೋ ಹಿಡಿದು ತಂದರು. ಅವಳನ್ನು ಆಟೋದೊಳಗೆ ಕೂರಿಸುವಾಗ ನಾನೂ ಕೈ ಕೊಟ್ಟೆ. ತುಟಿ ಒಡೆದು ಬಿರುಕು ಬಿಟ್ಟಿತ್ತು. ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದಳು... ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡಾಸ್ಪತ್ರೆಯಲ್ಲಿ ತಮ್ಮ ಕೈಲಾದದ್ದನ್ನೆಲ್ಲ ಮಾಡಿದರಂತೆ. ಹೊತ್ತು ಮೀರಿತ್ತು. ಮಗು ಹೊಟ್ಟೆಯಲ್ಲೇ ಹೋಗಿತ್ತು, ಅದರ ಹಿಂದೆಯೇ ಅವಳೂ ಹೋದಳು.

ಆಸ್ಪತ್ರೆಯವರು ಸೂಜಿ ಹಾಕಲೆಂದು ಅವಳ ಬಳೆಗಳನ್ನು ತೆಗೆದು ಒಂದು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದರು. ಮುತ್ತೈದೆಯಾಗಿ ಹೋದವಳು, ಬಳೆ ತೊಡಿಸಿಯೇ ಕಳಿಸಬೇಕು. ನಮ್ಮಮ್ಮ ಮುಂದೆ ಬಂದಳು. ಬಳೆ ಅಕ್ಕ ನಮ್ಮಮ್ಮನ ಕೈ ಪಕ್ಕಕ್ಕೆ ಸರಿಸಿ ತಾವೇ ಕೂತರು. ಸೀಮಂತದಲ್ಲಿ ಬೇಡವಾದ ಕೈಯನ್ನು ಅವತ್ತು ಯಾರೂ ತಡೆಯಲಿಲ್ಲ. ಸೆಟೆದ ಬೆರಳುಗಳನ್ನು ನಿಧಾನವಾಗಿ ಒತ್ತಿ ಒತ್ತಿ, ಒಂದೊಂದೇ ಬಳೆ ಏರಿಸಿದರು. ಬಾಯಲ್ಲಿ ಮಾತ್ರ ಅದೇ ಹಳೇ ಮಾತು, "ಸಡಿಲ ಬುಡು ಕೂಸೇ, ಸಡಿಲ ಬುಡು..." ನಾನು ಅಲ್ಲಿಂದ ಓಡಿಹೋದೆ. ಅಕ್ಕ ಅವತ್ತು ಅಳಲಿಲ್ಲ. ತಿಥಿಯ ದಿನವೂ ಅಳಲಿಲ್ಲ.

ಆಮೇಲೆ ಎಷ್ಟೋ ದಿನ ಅವರು ಜಮಖಾನಕ್ಕೆ ಬೆನ್ನು ಹಾಕಿ ಕೂತೇ ಇದ್ದರು. ಒಂದು ಬೆಳಿಗ್ಗೆ ಎದ್ದು, ಮಲಾರವನ್ನು ನೆಲಕ್ಕೆ ಇಳಿಸಿ, ದಾರ ಬಿಚ್ಚಿದರು. ಅವರ ಬದುಕೆಲ್ಲ ಆ ಮಲಾರದಲ್ಲಿತ್ತು. ಬಳೆಗಳನ್ನು ಗೊಂಚಲು ಗೊಂಚಲಾಗಿ ಕಟ್ಟಿದರು. ಹೆಂಗಸರ ಸಾಲಿನ ಒಂದೊಂದು ಕಕ್ಕಸಿನ ಗೋಣಿ ಪರದೆಗೂ ಒಳಗಡೆಯಿಂದ ಒಂದೊಂದು ಗೊಂಚಲು ಹೊಲಿದರು, ಚೀಲದ ಕೆಳಗಿನ ಅಂಚಿಗೆ ಕಲ್ಲು ಕಟ್ಟಿ ಹಾರದ ಹಾಗೆ ಮಾಡಿದರು. ಹೊರಗಿನವರು ಮುಟ್ಟಿದರೆ ಸದ್ದಾಗುತ್ತದೆ, ಒಳಗಿದ್ದವಳು ಅಲ್ಲಾಡಿಸಿದರೂ ಸದ್ದಾಗುತ್ತದೆ. ಯಾಕಕ್ಕ ಇದು ಎಂದು ನಾನು ಕೇಳಿದೆ. "ನನ್ನಂಥ ಬರಿಗೈನೋರು ಇಲ್ಲಿ ಎಷ್ಟ್ ಜನ ಅವ್ರೆ, ನೋಡಿದ್ಯಾ? ಅವ್ರು ಏನ್ ಅಲ್ಲಾಡ್ಸದು? ಕೆಮ್ಮಿ ಕೆಮ್ಮಿ ಸಾಯ್ಬೇಕಾ?" ಅಂದರು.

ಹೆಂಗಸರು ಮುನಿಸಿಕೊಂಡರು. ಮಂಗಳದ್ರವ್ಯವನ್ನು ಕಕ್ಕಸಿಗೆ ಕಟ್ಟುವುದೆಂದರೆ? ನಮ್ಮಮ್ಮನಿಗೂ ಮನಸ್ಸು ಒಪ್ಪಲಿಲ್ಲ. "ಅಪಚಾರ ಅಲ್ವಾ ಅಕ್ಕಾ, ಬಿಚ್ಚಾಕ್ಬುಡಿ" ಎಂದು ಮೆಲ್ಲಗೆ ಹೇಳಿದಳು. ಅಕ್ಕ ಸೂಜಿ ನಿಲ್ಲಿಸಲಿಲ್ಲ. "ನನ್ ಮಗಳ ಕೈ ತುಂಬ ಮಂಗಳವೇ ಇತ್ತಲ್ಲ ಕಣವ್ವ" ಎಂದರು, ಅಷ್ಟೇ. ನಮ್ಮಮ್ಮ ಅಲ್ಲೇ ಕೂತು ಇನ್ನೊಂದು ಸೂಜಿಗೆ ದಾರ ಪೋಣಿಸಿದಳು.

ಅಲ್ಲಿಂದಾಚೆಗೆ ಬಳೆ ಅಕ್ಕ ಆ ಸಾಲಿನ ಯಜಮಾನಿಯಾದರು. ಯಾರೂ ಮಾಡಿದ್ದಲ್ಲ, ತಾವಾಗಿ ಆದದ್ದು. ಹೋಟೆಲುಗಳ ಸೌದೆ ಒಲೆಯ ಬೂದಿಯನ್ನು ಡಬ್ಬದಲ್ಲಿ ಹೊತ್ತು ತಂದು, ಹೋಗಿ ಬಂದವರೆಲ್ಲ ಒಂದು ಹಿಡಿ ಗುಂಡಿಗೆ ಹಾಕಬೇಕೆಂದು ಕಾವಲು ಕೂತರು. ತೊಳೆಯುವುದಕ್ಕೆ ಶೆಡ್ಡಿಗೊಂದು ದಿನ ಪಾಳಿ ಮಾಡಿದರು. ನಾವು ಅಂಥ ಜಾತಿಯವರಲ್ಲ ಎಂದು ಮೂಗು ಮುರಿದವರೂ ಇದ್ದರು, ನಮ್ಮ ನೆಂಟರೇ ಕೆಲವರು. ಅಂಥವರ ಪಾಳಿಯನ್ನು ಅಕ್ಕ ತಾವೇ ಮಾಡಿ, ಪೊರಕೆ ಹಿಡಿದು ಅವರ ಶೆಡ್ಡಿನ ಮುಂದೆ ನಿಂತು, ನಲ್ಲಿ ಸಾಲಿಗೆಲ್ಲ ಕೇಳುವ ಹಾಗೆ, "ನಿಮ್ದೂ ನಾನೇ ತೊಳ್ದ್ಬುಟ್ಟೆ ಕಣ್ರೀ, ನೆಮ್ಮದಿಯಾಗಿ ಊಟ ಮಾಡಿ" ಎಂದು ಕೂಗುತ್ತಿದ್ದರು. ಮುಂದಿನ ಪಾಳಿಗೆ ಅವರು ತುಟಿಪಿಟಕ್ಕೆನ್ನದೆ ಬರುತ್ತಿದ್ದರು.

ಒಮ್ಮೆ ಇಂಜಿನಿಯರ್ ಸಾಹೇಬರು ಬಂದರು. ಬಾಗಿಲಿಗೆ ಇನ್ನೂ ಮಂಜೂರಾತಿ ಆಗಿಲ್ಲ ಎಂದು ವಿವರಿಸತೊಡಗಿದರು. ಬಳೆ ಅಕ್ಕ ಬಹಳ ಮರ್ಯಾದೆಯಿಂದ ಪರದೆ ಎತ್ತಿ ಹಿಡಿದು, "ವಸಿ ಒಳಗೋಗಿ ಕೂತ್ಕಳಿ ಸ್ವಾಮಿ. ಇವ್ರೆಲ್ಲ ಇಲ್ಲೇ ನಿಂತಿರ್ತಾರೆ, ಮಾತಾಡ್ಕೊಂಡೇ ಇರಿ" ಅಂದರು. ನಲ್ಲಿಯ ಸಾಲು ಗೊಳ್ಳೆಂದಿತು. ಸಾಹೇಬರ ಮುಖ ಕೆಂಪಾಯಿತು, ಆದರೂ ಅವರು ಒಳ್ಳೆಯವರಿರಬೇಕು, ಸಿಟ್ಟಾಗಲಿಲ್ಲ. ಮರುವಾರವೇ ನಲ್ಲಿಯನ್ನು ಮೈದಾನದ ಆಚೆ ತುದಿಗೆ ಸಾಗಿಸಿದರು. ಆಮೇಲೆ ಬಾಗಿಲುಗಳೂ ಬಂದವು, ಚಿಲಕ ಮಾತ್ರ ಬರಲಿಲ್ಲ. ಬಳೆಯ ಗೊಂಚಲುಗಳು ಗೋಣಿಯಿಂದ ಬಾಗಿಲಿಗೆ ವರ್ಗವಾದವು.

ಇಷ್ಟು ಸಾಲದೆಂದು ಇನ್ನೊಂದು ಚಾಳಿ ಹಚ್ಚಿಕೊಂಡರು. ನಡುಮಧ್ಯಾಹ್ನ ಒಂದು ಕೊಡ, ಒಂದು ಚೊಂಬು ಹಿಡಿದು ಶೆಡ್ಡು ಶೆಡ್ಡಿಗೂ ಬರುತ್ತಿದ್ದರು. "ನೀರು ಕುಡಿ." ಬೇಡ ಅಂದರೆ ಕುಡಿಯುವವರೆಗೂ ಕದಲುತ್ತಿರಲಿಲ್ಲ. ಬಸುರಿಯರಿದ್ದರಂತೂ ಕುಡಿಸಿ, ಕೈಹಿಡಿದು ಕರೆದುಕೊಂಡು ಹೋಗಿ, ಬಾಗಿಲ ಮುಂದೆ ಬೆನ್ನು ಹಾಕಿ ನಿಂತು, ಕರೆದುಕೊಂಡು ಬರುತ್ತಿದ್ದರು. ಆ ಮೈದಾನದಲ್ಲಿ ಮುಂದೆ ಎಷ್ಟೋ ಮಕ್ಕಳು ಹುಟ್ಟಿದವು. ಅಂಥ ಸಾವು ಇನ್ನೊಂದು ಆಗಲಿಲ್ಲ.

ವ್ಯಾಪಾರ ಮಾತ್ರ ಮುಗಿದುಹೋಯಿತು. ಮತ್ತೆ ಬಳೆ ತಂದು ಹೊರಟರೆ, ಕಕ್ಕಸು ತೊಳೆಯುವವಳಂತೆ ಎಂದು ಹಳೇ ಗಿರಾಕಿಗಳು ಗೇಟಿನಿಂದಲೇ ಕಳಿಸಿದರು. ಅಕ್ಕ ಊದುಬತ್ತಿ ಹೊಸೆಯುವುದಕ್ಕೆ ಕೂತರು. ಅದರ ಬಗ್ಗೆ ಅವರು ಒಂದು ಮಾತೂ ಆಡಿದ್ದು ನನಗೆ ನೆನಪಿಲ್ಲ. ನನಗೇ ಹೊಟ್ಟೆ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಕೊನೆಗೆ ಮನೆಗಳು ಸಿಕ್ಕವು, ಊರ ಅಂಚಿನಲ್ಲಿ. ಒಬ್ಬೊಬ್ಬರದು ಒಂದೊಂದು ಬೀದಿಯಲ್ಲಿ. ಅಷ್ಟರಲ್ಲಿ ನಾನು ನರ್ಸಿಂಗ್ ಸೇರಿದ್ದೆ. ಒಂದು ದಿನ ತರಗತಿಯಲ್ಲಿ ಮೇಡಮ್ಮು ಬಸುರಿಯರ ಮೂತ್ರದ ಸೋಂಕಿನ ಪಾಠ ಮಾಡುತ್ತಿದ್ದರು. ಬಸುರಿಯರಿಗೆ ಈ ಸೋಂಕು ಬೇಗ ತಗಲುತ್ತದೆ. ನೀರು ಕುಡಿಯದೆ, ತಡೆದುಕೊಂಡೇ ಇದ್ದರೆ ಮೂತ್ರಪಿಂಡಕ್ಕೆ ಏರುತ್ತದೆ. ನಡುಕದ ಜ್ವರ, ಸೊಂಟದ ಮೇಲೆ ನೋವು. ಹೊತ್ತಿಗೆ ಸರಿಯಾಗಿ ನೋಡಿದರೆ ಗುಣವಾಗುತ್ತದೆ, ಬಿಟ್ಟರೆ ರಕ್ತಕ್ಕೆ ಇಳಿಯುತ್ತದೆ. ಎಲ್ಲರೂ ಬಗ್ಗಿ ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟೆ. ಅಕ್ಕನ ಮಗಳಿಗೆ ಆದದ್ದನ್ನೆಲ್ಲ ಯಾರೋ ಗೊತ್ತಿಲ್ಲದವರು ನಿಂತು ಒಪ್ಪಿಸಿದಂತಿತ್ತು. ಆಚೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಇದು ಬಳೆ ಅಕ್ಕನಿಗೆ ಗೊತ್ತಾಗಬಾರದು ಎಂದು ಅವತ್ತೇ ನಿಶ್ಚಯಿಸಿದೆ. ಆದರೆ ಅವರು ನನ್ನ ಓದು ಮುಗಿಯುವುದನ್ನೇ ಕಾಯುತ್ತಿದ್ದರೇನೋ. ಕೆಲಸಕ್ಕೆ ಸೇರಿದ ಮೇಲೆ ಒಂದು ಭಾನುವಾರ ನೋಡಲು ಹೋದೆ. ಪುಟ್ಟ ಮನೆ, ಗಾರೆ ನೆಲ. ಮನೆಯೊಳಗೇ ಕಕ್ಕಸು, ಅದಕ್ಕೆ ಗಟ್ಟಿ ಬಾಗಿಲು, ಒಳಗೆ ಚಿಲಕ. ಅವರು ಊದುಬತ್ತಿ ಹೊಸೆಯುತ್ತಾ, ಕೈ ನಿಲ್ಲಿಸದೆ ಕೇಳಿದರು.

"ನೀನು ಓದ್ದವ್ಳು. ನಿಜ ಹೇಳ್ಬುಡು ಮಗ. ಅವತ್ತು ನೀರು ನೀರು ಅಂದ್ಲು, ನಾನು ಚೊಂಬು ಹಿಂದಕ್ಕೆ ಸರಿಸ್ಬುಟ್ಟೆ. ಕೊಟ್ಟಿದ್ರೆ ಉಳೀತಿದ್ಲಾ?"

ಅಷ್ಟು ವರ್ಷ ಅವರು ಶೆಡ್ಡು ಶೆಡ್ಡಿಗೆ ಹೊತ್ತು ತಂದ ನೀರೆಲ್ಲ ಯಾರಿಗೆ ಕುಡಿಸುತ್ತಿದ್ದದ್ದೆಂದು ನನಗೆ ಆಗ ತಿಳಿಯಿತು. ನಾನು ಅವರ ಮುಖವನ್ನೇ ನೋಡುತ್ತಾ, ಒಂದು ಚೂರೂ ತಡವರಿಸದೆ, "ಇಲ್ಲ ಅಕ್ಕ. ಅದು ಬೇರೆ ಕಾಯಿಲೆ. ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾರೂ ಏನೂ ಮಾಡೋ ಹಾಗಿರ್ಲಿಲ್ಲ" ಅಂದೆ.

"ನಿಜವಾಗ್ಲೂ?"

"ನಿಮ್ಮಾಣೆ ಅಕ್ಕ."

ಅವರ ಕೈ ನಿಂತಿತು. ಊದುಬತ್ತಿಯ ಕಡ್ಡಿ ತೊಡೆಯ ಮೇಲೆ ಬಿತ್ತು. ಮಗಳ ಕೈಗೆ ಬಳೆ ಏರಿಸಿದ ದಿನ ಬಾರದ ಅಳು ಆಗ ಬಂತು. ದೊಡ್ಡ ದನಿಯಲ್ಲಿ, ಮಗಳ ಹೆಸರು ಹಿಡಿದು, ಅಕ್ಕಪಕ್ಕದ ಮನೆಯವರು ಓಡಿಬರುವ ಹಾಗೆ ಅತ್ತರು. ನಾನು ಅವರ ಬೆನ್ನು ಸವರುತ್ತಾ ಕೂತಿದ್ದೆ. ಸಂಜೆ ಹೊರಡುವಾಗ ಕೆನ್ನೆ ಸವರಿ ನೆಟಿಗೆ ಮುರಿದರು. ಅದಾದ ಮೇಲೆ ಅವರು ಬಹಳ ಕಾಲ ಇರಲಿಲ್ಲ. ಎರಡು ಸಾವಿರ ಇಸವಿ ದಾಟಿದ ಮೇಲೆ, ಒಂದು ಬೇಸಿಗೆಯಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ. ನಾನು ಡ್ಯೂಟಿಯಲ್ಲಿದ್ದೆ, ಮುಖ ನೋಡುವುದಕ್ಕೂ ಆಗಲಿಲ್ಲ.

ಈಗ ಆ ಮೈದಾನದಲ್ಲಿ ಮನೆಗಳೆದ್ದಿವೆ, ಗುಂಡಿಗಳಿದ್ದ ಜಾಗವನ್ನು ನಾನೂ ಗುರುತಿಸಲಾರೆ. ವಾರ್ಡಿನಲ್ಲಿ ಬಸುರಿಯರಿಗೆ ನೀರು ಕುಡಿಯಿರಿ ಎಂದು ಹೇಳಿ ಹೇಳಿ ನನಗೆ ಗದರುವ ಅಭ್ಯಾಸವೇ ಆಗಿಹೋಯಿತು. ಹೊಸ ಹುಡುಗಿಯರು ನನ್ನ ಬೆನ್ನ ಹಿಂದೆ ನಗುತ್ತಾರೆ, ನಗಲಿ.

ಅವಳು ಉಳಿಯುತ್ತಿದ್ದಳು. ಹಗಲೆಲ್ಲ ನೀರು ಕುಡಿದು, ಬೇಕಾದಾಗ ಎದ್ದು ಹೋಗಿ ಬರುವಂತಿದ್ದರೆ, ಒಂದು ಬಾಗಿಲಿದ್ದಿದ್ದರೆ, ಉಳಿಯುತ್ತಿದ್ದಳು. ಅವಳ ಮಗುವಿಗೆ ಈಗ ಮದುವೆಯ ವಯಸ್ಸಾಗಿರುತ್ತಿತ್ತು. ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಬಳೆ ಅಕ್ಕ ಇವತ್ತು ಬಂದು ಎದುರಿಗೆ ಕೂತು ಮತ್ತೆ ಕೇಳಿದರೂ ಹೇಳುವುದಿಲ್ಲ, ಅವರ ಮೇಲೆಯೇ ಇನ್ನೊಂದು ಸಲ ಆಣೆ ಇಟ್ಟು ಅದೇ ಸುಳ್ಳು ಹೇಳುತ್ತೇನೆ. ಅವರು ಬಂದು ಕೇಳಲಿ ಸಾಕು... ಒಂದೇ ಒಂದು ಸಲ ಬಂದು ಕೇಳಲಿ.